ಬೆಲ್ಲ ಊಟ ಬಿಟ್ಟಿದೆ: ಬಿಯರ್ಡೆಡ್ ಡ್ರ್ಯಾಗನ್ ಸಾಕಿದವರು ದಯವಿಟ್ಟು ಉತ್ತರಿಸಿ

ಮಲ್ಲಿಗೆ_ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಹತ್ತು ವರ್ಷದ ಮಗ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಯೊಂದನ್ನು ಸಾಕಿದ್ದಾನೆ. ಮೈಬಣ್ಣ ನೋಡಿ ಅವನೇ ಬೆಲ್ಲ ಎಂದು ಹೆಸರಿಟ್ಟ. ಮರಿಯಾಗಿ ಬಂದದ್ದಕ್ಕೆ ಈಗ ಎರಡು ವರ್ಷ ತುಂಬಿದೆ. ಅಂಗಡಿಯವರು ಗಂಡು ಎಂದು ಹೇಳಿ ಕೊಟ್ಟಿದ್ದರು.

ಡಿಸೆಂಬರಿನಲ್ಲಿ ಅದು ಹೆಚ್ಚಾಗಿ ಮಲಗಿಕೊಂಡೇ ಇತ್ತು. ಚಳಿಗಾಲದಲ್ಲಿ ಹಾಗೆ ಮಲಗುತ್ತವೆ ಎಂದು ಓದಿದ್ದರಿಂದ ಗಾಬರಿಯಾಗಲಿಲ್ಲ. ಜನವರಿಯಲ್ಲಿ ಎದ್ದು ಚೆನ್ನಾಗಿ ತಿನ್ನತೊಡಗಿತು. ಈಗ ಫೆಬ್ರುವರಿಯ ಕೊನೆ. ಎರಡು ವಾರದ ಮೇಲಾಯಿತು, ಕ್ರಿಕೆಟ್ ಹುಳುಗಳನ್ನು ಮುಂದೆ ಬಿಟ್ಟರೂ ತಿರುಗಿ ನೋಡುವುದಿಲ್ಲ. ಸಾಸಿವೆ ಸೊಪ್ಪು, ಕಾಲರ್ಡ್ ಸೊಪ್ಪು, ತುರಿದ ಸಿಹಿಗುಂಬಳ ಎಲ್ಲವೂ ಸಂಜೆಯ ಹೊತ್ತಿಗೆ ತಟ್ಟೆಯಲ್ಲೇ ಬಾಡಿರುತ್ತವೆ. ಬಹಳ ಇಷ್ಟಪಡುತ್ತಿದ್ದ ಸೂಪರ್‌ವರ್ಮ್ ಹುಳುವನ್ನು ಬಾಯಿಯ ಹತ್ತಿರ ಹಿಡಿದರೆ ಮುಖ ತಿರುಗಿಸುತ್ತದೆ. ಮಗ ಶಾಲೆಯಿಂದ ಬಂದವನೇ ತಟ್ಟೆ ನೋಡಿ ಸಪ್ಪಗಾಗುತ್ತಾನೆ. ಸಿರಿಂಜಿನಲ್ಲಿ ಏನಾದರೂ ಕುಡಿಸಬೇಕೆ? ಎಷ್ಟು ದಿನ ಕಾಯಬಹುದು?

ಡಲ್ಲಾಸ್_ದಾವಣಗೆರೆ:
ಅಕ್ಕ, ನಮ್ಮ ಮನೆಯಲ್ಲೂ ಒಂದಿದೆ, ಏಳು ವರ್ಷದ್ದು. ದೊಡ್ಡ ಡ್ರ್ಯಾಗನ್ ಎರಡು ವಾರ ತಿನ್ನದಿದ್ದ ಮಾತ್ರಕ್ಕೆ ಜೀವಕ್ಕೆ ಅಪಾಯವಿಲ್ಲ. ಬಾಲದ ಬುಡದಲ್ಲಿ ಮತ್ತು ಹೊಟ್ಟೆಯ ಒಳಗೆ ಕೊಬ್ಬನ್ನು ಕೂಡಿಟ್ಟುಕೊಂಡಿರುತ್ತವೆ. ಮರಿಯಾಗಿದ್ದರೆ ಮಾತು ಬೇರೆ, ಮೂರ್ನಾಲ್ಕು ದಿನ ಬಿಟ್ಟರೂ ವೈದ್ಯರ ಬಳಿ ಓಡಬೇಕು. ಪೊರೆ ಬಿಡುವ ಕಾಲವೇ ನೋಡಿ. ಮೈ ಮಂಕಾಗಿ ಬಿಳುಪೇರಿದ್ದರೆ ಆ ದಿನಗಳಲ್ಲಿ ಊಟದ ಮೇಲೆ ಮನಸ್ಸಿರುವುದಿಲ್ಲ. ನಾನು ಒಮ್ಮೆ ಮಾಂಸಾಹಾರಿ ಪ್ರಾಣಿಗಳ ಪುಡಿ ಆಹಾರವನ್ನು ನೀರಿನಲ್ಲಿ ಕಲಸಿ ಸಿರಿಂಜಿನಿಂದ ಕೊಟ್ಟಿದ್ದೆ, ಚೇತರಿಸಿಕೊಂಡಿತು. ಬೇಕಾದರೆ ಅಳತೆ ಹೇಳುತ್ತೇನೆ.

ಪಶುವೈದ್ಯ_ಮೈಸೂರು:
ಅಳತೆ ಈಗ ಬೇಡ ಸರ್, ದಯವಿಟ್ಟು ತಡೆಯಿರಿ. ಮಲ್ಲಿಗೆಯವರೇ, ಸಿರಿಂಜನ್ನು ಸದ್ಯಕ್ಕೆ ಮರೆತುಬಿಡಿ.

ಕಾರಣ ಹೇಳುತ್ತೇನೆ. ನಮ್ಮ ಮೈ ತನ್ನ ಬಿಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ಹಲ್ಲಿಯ ಜಾತಿಗೆ ಆ ಶಕ್ತಿಯಿಲ್ಲ. ಹೊರಗಿನ ಶಾಖ ಮೈಗೆ ಹತ್ತಿದ ಮೇಲೆಯೇ ಹೊಟ್ಟೆಯ ಕೆಲಸ ಶುರುವಾಗುತ್ತದೆ. ತಣ್ಣಗಿರುವ ಹಲ್ಲಿಯ ಹೊಟ್ಟೆಗೆ ಬಲವಂತವಾಗಿ ಆಹಾರ ಇಳಿಸಿದರೆ ಅದು ಜೀರ್ಣವಾಗದೆ ಒಳಗೇ ಕೊಳೆಯುತ್ತದೆ. ಇನ್ನೊಂದು ಅಪಾಯವೂ ಇದೆ: ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ, ಬಾಯಿಯ ತಳದಲ್ಲಿ ತೆರೆದುಕೊಂಡಿರುತ್ತದೆ. ಕೊಸರಾಡುವ ಪ್ರಾಣಿಗೆ ದ್ರವ ಕುಡಿಸುವಾಗ ಒಂದು ಹನಿ ಅತ್ತ ಹೋದರೂ ಶ್ವಾಸಕೋಶಕ್ಕೆ ತೊಂದರೆ. ಡಲ್ಲಾಸಿನವರ ಪ್ರಾಣಿ ಚೇತರಿಸಿಕೊಂಡದ್ದು ಸಂತೋಷದ ವಿಷಯ. ಆದರೆ ಕಾರಣ ತಿಳಿಯುವ ಮೊದಲೇ ಎಲ್ಲರೂ ಹಾಗೆ ಮಾಡಬಾರದು.

ನಮ್ಮ ಕಡೆ ಪ್ರೀತಿ ಎಂದರೆ ತಿನ್ನಿಸುವುದು. ಮಗು ಊಟ ಬಿಟ್ಟರೆ ಇಡೀ ಮನೆ ತುತ್ತು ಹಿಡಿದು ಹಿಂದೆ ಓಡುತ್ತದೆ. ಹಲ್ಲಿಯ ವಿಷಯದಲ್ಲಿ ಊಟ ಕೊನೆಗೆ ಬರಲಿ. ಮೊದಲು ಶಾಖ, ಆಮೇಲೆ ಬೆಳಕು, ಆಮೇಲೆ ಹೊಟ್ಟೆ. ನನಗೆ ಇಷ್ಟು ತಿಳಿಸಿ: ದೀಪದ ಕೆಳಗೆ ಅದು ಮಲಗುವ ಕಲ್ಲಿನ ಮೇಲ್ಮೈ ಎಷ್ಟು ಬಿಸಿಯಿದೆ? ಯಾವುದರಿಂದ ಅಳೆದಿರಿ? ನೇರಳಾತೀತ ದೀಪ ಯಾವ ಬಗೆಯದು, ಹಾಕಿ ಎಷ್ಟು ಕಾಲವಾಯಿತು? ಮಲ ಯಾವಾಗ ಹಾಕಿತು, ಹೇಗಿತ್ತು? ಈಗಿನ ತೂಕವೆಷ್ಟು, ಹಿಂದಿನ ತೂಕ ಬರೆದಿಟ್ಟಿದ್ದೀರಾ?

ತಿಪಟೂರು_ತೆಂಗು:
ನನ್ನ ಮೊಮ್ಮಗಳ ಮನೆಯಲ್ಲೂ ಇಂಥದ್ದೇ ಪ್ರಾಣಿ ಇದೆ ತಾಯಿ, ವಿಡಿಯೊದಲ್ಲಿ ನೋಡುತ್ತಿರುತ್ತೇನೆ. ಮಕ್ಕಳಿಗೆ ಹೊಟ್ಟೆ ಉಬ್ಬರಿಸಿದಾಗ ಹಿಂಗಿನ ನೀರು ಕೊಡುತ್ತೇವಲ್ಲ, ಒಂದು ತೊಟ್ಟು ಹಾಕಿ ನೋಡಬಾರದೇ?

ಪಶುವೈದ್ಯ_ಮೈಸೂರು:
ಅಜ್ಜಿ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಹಿಂಗು, ಜೀರಿಗೆ ಕಷಾಯ, ಓಮದ ನೀರು ಯಾವುದೂ ಬೇಡ. ಮನುಷ್ಯರ ಮನೆಮದ್ದು ಹಲ್ಲಿಗೆ ಒಗ್ಗುತ್ತದೆ ಎಂದು ತಿಳಿಯಲು ಯಾವ ಆಧಾರವೂ ಇಲ್ಲ. ನಿಮ್ಮ ಮೊಮ್ಮಗಳಿಗೆ ಎರಡು ಮಾತು ಹೇಳಿಬಿಡಿ. ಬೆಣ್ಣೆಹಣ್ಣು ಇವುಗಳಿಗೆ ವಿಷ. ಬೇಸಿಗೆಯ ಸಂಜೆ ಅಂಗಳದಲ್ಲಿ ಹಾರುವ ಮಿಣುಕುಹುಳುವನ್ನು ಹಿಡಿದು ಹಾಕಲೇಬಾರದು. ಅಮೆರಿಕದ ಮಿಣುಕುಹುಳು ಒಂದನ್ನು ತಿಂದರೂ ಬಿಯರ್ಡೆಡ್ ಡ್ರ್ಯಾಗನ್ ಸಾಯಬಹುದು. ಅದರ ಮೈಯಲ್ಲಿರುವ ವಿಷ ನೇರ ಹೃದಯಕ್ಕೆ ತಗಲುತ್ತದೆ.

ತಿಪಟೂರು_ತೆಂಗು:
ಅಯ್ಯೋ, ಮಕ್ಕಳು ಹಿಡಿಯುವುದೇ ಆ ಹುಳುವನ್ನು! ಇವತ್ತೇ ಫೋನ್ ಮಾಡುತ್ತೇನೆ ಡಾಕ್ಟರೇ.

ಸಿಡ್ನಿ_ಸೋಮವಾರಪೇಟೆ:
ಡಾಕ್ಟರ ಮಾತಿಗೆ ನನ್ನದೂ ಸೇರಿಸುತ್ತೇನೆ. ಈ ಪ್ರಾಣಿಯ ತವರು ಆಸ್ಟ್ರೇಲಿಯಾದ ಒಳನಾಡು. ಕೆಂಪು ಮಣ್ಣು, ಕುರುಚಲು ಗಿಡ, ಸುಡುವ ಬಿಸಿಲು. ಬೇಲಿಗೂಟದ ಮೇಲೆ ಬೆಳಿಗ್ಗೆ ಮೈ ಚಪ್ಪಟೆ ಮಾಡಿಕೊಂಡು ಕೂತಿರುತ್ತದೆ. ಮೈ ಕಾದ ಮೇಲೆಯೇ ಇಳಿದು ಬೇಟೆಗೆ ಹೋಗುತ್ತದೆ. ನಮ್ಮೂರಿನ ಓತಿಕ್ಯಾತವೂ ಇದೂ ಒಂದೇ ಕುಟುಂಬ, ಅಗಾಮಿಡೆ. ಕಾಫಿ ತೋಟದ ಬೇಲಿಯ ಮೇಲೆ ಓತಿಕ್ಯಾತ ಎಳೆಬಿಸಿಲಿಗೆ ಮೈಯೊಡ್ಡುವುದನ್ನು ನೋಡಿ ಬೆಳೆದವರಿಗೆ ಇದರ ದಿನಚರಿ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನ್ಯೂ ಸೌತ್ ವೇಲ್ಸ್‌ನಲ್ಲಿ ಇವನ್ನು ಸಾಕಲು ಪರವಾನಗಿ ಬೇಕು. ಕಾಡಿನಿಂದ ಹಿಡಿದು ತರುವಂತಿಲ್ಲ, ಪರವಾನಗಿ ಇರುವವರ ಬಳಿಯೇ ಪಡೆಯಬೇಕು. ನನ್ನ ಬಳಿ ಎರಡಿವೆ, ಬೇರೆ ಬೇರೆ ಪೆಟ್ಟಿಗೆಗಳಲ್ಲಿ. ಒಂದೇ ಪೆಟ್ಟಿಗೆಯಲ್ಲಿಟ್ಟರೆ ಒಂದು ಇನ್ನೊಂದನ್ನು ಹೆದರಿಸಿ ಬಿಸಿಯ ಜಾಗದಿಂದ ದೂರವಿಡುತ್ತದೆ. ಸೋತದ್ದು ನಿಧಾನವಾಗಿ ಊಟ ಬಿಡುತ್ತದೆ. ಅಕ್ಕನ ಮನೆಯಲ್ಲಿ ಒಂದೇ ಇರುವುದರಿಂದ ಆ ಅನುಮಾನ ಬೇಡ. ನಾನು ಕೇಳಬೇಕಾದದ್ದು ಬೇರೆ: ಬೆಲ್ಲ ಇತ್ತೀಚೆಗೆ ಮೂಲೆಯಲ್ಲಿ ಕೆರೆಯುತ್ತಿದೆಯೇ? ಗಾಜಿಗೆ ಉಗುರು ಹಾಕಿ ಏರಲು ನೋಡುತ್ತದೆಯೇ?

ಮಲ್ಲಿಗೆ_ನ್ಯೂಜೆರ್ಸಿ:
ಎಲ್ಲರಿಗೂ ಬಹಳ ಧನ್ಯವಾದ. ಒಂದೊಂದಾಗಿ ಹೇಳುತ್ತೇನೆ.

ಗಾಜಿಗೆ ಅಂಟಿಸುವ ದುಂಡು ಮಾಪಕ ಪೆಟ್ಟಿಗೆಯ ಜೊತೆಗೇ ಬಂದಿತ್ತು. ಅದು ಯಾವಾಗಲೂ 100 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿತ್ತು. ಡಾಕ್ಟರು ಕೇಳಿದ ಮೇಲೆ ನಮ್ಮೆಜಮಾನರು ಅಡುಗೆಗೆಂದು ತಂದ ಇನ್‌ಫ್ರಾರೆಡ್ ಮಾಪಕ ಹಿಡಿದು ನೋಡಿದರು. ಕಲ್ಲಿನ ಮೇಲೆ 88 ಮಾತ್ರ! ಮನೆಯೊಳಗೆ ಈಗ 68ಕ್ಕೆ ಹೀಟರ್ ಇಟ್ಟಿದ್ದೇವೆ, ಪೆಟ್ಟಿಗೆ ಕಿಟಕಿಯ ಪಕ್ಕದಲ್ಲಿದೆ. ನೇರಳಾತೀತ ದೀಪ ಸುರುಳಿ ಆಕಾರದ್ದು, ಹಾಕಿ ಒಂದು ವರ್ಷ ದಾಟಿರಬೇಕು. ಚೆನ್ನಾಗಿಯೇ ಉರಿಯುತ್ತಿದೆ. ಜಾಲರಿಯ ಮುಚ್ಚಳದ ಮೇಲೆ ಕೂರಿಸಿದ್ದೇವೆ.

ಮಲ ಕಳೆದ ವಾರ ಒಮ್ಮೆ ಹಾಕಿತು, ಸ್ವಲ್ಪವೇ. ನೋಡಲು ಸರಿಯಾಗಿಯೇ ಇತ್ತು. ತೂಕದ ಪುಸ್ತಕವನ್ನು ಮಗ ಇಟ್ಟಿದ್ದಾನೆ: ಡಿಸೆಂಬರ್ ಮೊದಲ ವಾರ 410 ಗ್ರಾಂ, ಇವತ್ತು 446.

ಸಿಡ್ನಿಯವರೇ, ನಿಮಗೆ ಹೇಗೆ ಗೊತ್ತಾಯಿತು? ನಾಲ್ಕೈದು ದಿನದಿಂದ ಒಂದೇ ಮೂಲೆ ಕೆರೆಯುತ್ತಿದೆ. ರಾತ್ರಿ ದೀಪ ಆರಿಸಿದ ಮೇಲೂ ಗರಗರ ಸದ್ದು ಬರುತ್ತದೆ.

ಪಶುವೈದ್ಯ_ಮೈಸೂರು:
ಮಗನಿಗೆ ನನ್ನ ಶಹಬ್ಬಾಸ್ ಹೇಳಿ. ಆ ಪುಸ್ತಕದಿಂದ ಅರ್ಧ ಉತ್ತರ ಸಿಕ್ಕಿತು. ಎರಡು ವಾರ ತಿನ್ನದ ಪ್ರಾಣಿ ತೂಕ ಕಳೆದುಕೊಂಡಿಲ್ಲ, ಡಿಸೆಂಬರಿಗಿಂತ ಹೆಚ್ಚಿದೆ. ಜನವರಿಯಲ್ಲಿ ತಿಂದದ್ದು ಎಲ್ಲಿಗೆ ಹೋಯಿತು? ಮೂಲೆ ಕೆರೆಯುವುದನ್ನೂ ಜೊತೆಗಿಟ್ಟು ನೋಡಿದರೆ, ಬೆಲ್ಲ ಹೆಣ್ಣಾಗಿದ್ದು ಹೊಟ್ಟೆಯಲ್ಲಿ ಮೊಟ್ಟೆಗಳಿವೆ ಎಂಬ ಅನುಮಾನ ನನಗೆ ಬಲವಾಗಿದೆ. ಗಂಡಿನ ಜೊತೆ ಸೇರದಿದ್ದರೂ ಹೆಣ್ಣು ಮೊಟ್ಟೆ ಇಡುತ್ತದೆ, ಕೋಳಿಯ ಹಾಗೆಯೇ. ಹೊಟ್ಟೆ ತುಂಬ ಮೊಟ್ಟೆಗಳಿರುವಾಗ ಊಟಕ್ಕೆ ಜಾಗವಿರುವುದಿಲ್ಲ. ಇಡುವ ದಿನ ಹತ್ತಿರವಾದಂತೆ ಹಸಿವು ಪೂರ್ತಿ ನಿಲ್ಲುತ್ತದೆ. ಚಳಿಗಾಲದ ನಿದ್ದೆ ಮುಗಿದ ಮೇಲಿನ ಈ ತಿಂಗಳುಗಳೇ ಅದರ ಕಾಲ.

ಹಾಗಾದರೆ ಶಾಖ ಸರಿಯಿದೆಯೇ? ಇಲ್ಲ. 88 ಎಂದರೆ ಸುಮಾರು 31 ಡಿಗ್ರಿ ಸೆಲ್ಸಿಯಸ್. ಕಲ್ಲಿನ ಮೇಲ್ಮೈ 40ರ ಆಸುಪಾಸು, ನಿಮ್ಮ ಲೆಕ್ಕದಲ್ಲಿ 104–105 ಇರಬೇಕು. ತಂಪಿನ ತುದಿ 75–80. ಎರಡೂ ಇದ್ದರೆ ಪ್ರಾಣಿ ತನಗೆ ಬೇಕಾದ ಕಡೆ ಹೋಗುತ್ತದೆ. ರಾತ್ರಿ 65–70ಕ್ಕೆ ಇಳಿದರೂ ತೊಂದರೆಯಿಲ್ಲ, ದೀಪ ಆರಿಸಲೇಬೇಕು. ಅಂಟಿಸುವ ದುಂಡು ಮಾಪಕಗಳು ಗಾಜಿನ ಪಕ್ಕದ ಗಾಳಿಯನ್ನು, ಅದನ್ನೂ ಒರಟಾಗಿ, ತೋರಿಸುತ್ತವೆ. ಪ್ರಾಣಿಯ ಹೊಟ್ಟೆ ತಗಲುವ ಕಲ್ಲು ಎಷ್ಟು ಕಾದಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ದೀಪದ ವಿಷಯ ಇನ್ನೂ ಮುಖ್ಯ. ನೇರಳಾತೀತ ದೀಪ ನಮ್ಮ ಕಣ್ಣಿಗೆ ಉರಿಯುತ್ತಲೇ ಇರುತ್ತದೆ. ಆದರೆ ನಮಗೆ ಕಾಣದ ಆ ಕಿರಣಗಳು ತಿಂಗಳು ಕಳೆದಂತೆ ಕ್ಷೀಣಿಸುತ್ತವೆ. ಬಹುಪಾಲು ದೀಪಗಳನ್ನು ಆರು ತಿಂಗಳಿನಿಂದ ಒಂದು ವರ್ಷದೊಳಗೆ ಬದಲಿಸಬೇಕು. ಸುರುಳಿ ದೀಪದ ಕಿರಣ ಒಂದು ಚಿಕ್ಕ ವೃತ್ತಕ್ಕಷ್ಟೇ ಬೀಳುತ್ತದೆ, ಜಾಲರಿ ಅದರಲ್ಲೂ ಒಂದು ಪಾಲು ತಡೆಯುತ್ತದೆ. ಕಿಟಕಿಯ ಬಿಸಿಲನ್ನು ನೆಚ್ಚಬೇಡಿ, ಗಾಜು ಆ ಕಿರಣಗಳನ್ನು ಒಳಗೆ ಬಿಡುವುದೇ ಇಲ್ಲ. ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಉದ್ದಕ್ಕೆ ಬರುವ ಟಿ5 ಎಂಬ ಬಗೆಯ ನೇರಳಾತೀತ ಕೊಳವೆ ದೀಪವೇ ಬೇಕು.

ಮೊಟ್ಟೆಗೂ ಇದಕ್ಕೂ ಸಂಬಂಧವಿದೆ. ಆ ಕಿರಣ ಚರ್ಮಕ್ಕೆ ಬಿದ್ದಾಗ ಡಿ3 ಜೀವಸತ್ವ ತಯಾರಾಗುತ್ತದೆ, ಅದಿಲ್ಲದೆ ತಿಂದ ಸುಣ್ಣ, ಅಂದರೆ ಕ್ಯಾಲ್ಸಿಯಂ, ಮೈಗೆ ಹತ್ತುವುದಿಲ್ಲ. ಮೊಟ್ಟೆಯ ಚಿಪ್ಪಿಗೆ ಸುಣ್ಣ ಬೇಕು, ಮೊಟ್ಟೆಯನ್ನು ಹೊರಗೆ ತಳ್ಳುವ ಸ್ನಾಯುಗಳಿಗೂ ಸುಣ್ಣ ಬೇಕು. ಅದು ಸಾಲದಾದಾಗ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಈ ವಾರವೇ ಸರೀಸೃಪ ನೋಡುವ ವೈದ್ಯರ ಬಳಿ ಹೋಗಿ, ಎಕ್ಸ್‌ರೇ ಮಾಡಿಸಿ. ನಾಯಿ ಬೆಕ್ಕು ಮಾತ್ರ ನೋಡುವವರ ಬಳಿ ಬೇಡ. ಸರೀಸೃಪ ಮತ್ತು ಉಭಯಚರ ಪಶುವೈದ್ಯರ ಸಂಘ, ಎಆರ್‌ಎವಿ ಎನ್ನುತ್ತಾರೆ, ಅದರ ಜಾಲತಾಣದಲ್ಲಿ ನಿಮ್ಮ ಹತ್ತಿರದವರ ಹೆಸರು ಹುಡುಕಬಹುದು. ಮಲವನ್ನೂ ಒಂದು ಡಬ್ಬಿಯಲ್ಲಿ ಒಯ್ಯಿರಿ. ಪಿನ್‌ವರ್ಮ್ ಮತ್ತು ಕಾಕ್ಸಿಡಿಯಾ ಎಂಬ ಪರಜೀವಿಗಳು ಇವುಗಳ ಕರುಳಿನಲ್ಲಿ ಸಾಮಾನ್ಯ, ಹಸಿವು ಕೆಡಿಸುವುದರಲ್ಲಿ ಅವಕ್ಕೂ ಪಾಲಿದೆ. ನಾನು ಇಲ್ಲಿ ಕೂತು ಊಹಿಸಬಲ್ಲೆ, ಮುಟ್ಟಿ ನೋಡಲಾರೆ.

ಇಗುವಾನಾ_ಬೆಂಗಳೂರು:
ಈ ಚರ್ಚೆಯನ್ನು ಓದುತ್ತ ನನ್ನ ಪ್ರಶ್ನೆಯನ್ನೂ ಕೇಳಬೇಕೆನಿಸಿತು. ನನ್ನ ಬಳಿ ಹಸಿರು ಇಗುವಾನಾ ಎಂಬ ಹಲ್ಲಿ ಇದೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಿದ್ದೇನೆ. ಜೂನ್–ಜುಲೈನಲ್ಲಿ ಮೋಡ ಕವಿದ ದಿನಗಳಲ್ಲಿ ಅರ್ಧದಷ್ಟೂ ತಿನ್ನುವುದಿಲ್ಲ. ಬೆಂಗಳೂರಿನಲ್ಲಿ ಶಾಖದ ದೀಪ ಅಗತ್ಯವೇ ಇಲ್ಲ ಎಂದು ಮಾರುವವರು ಹೇಳುತ್ತಾರೆ.

ಪಶುವೈದ್ಯ_ಮೈಸೂರು:
ಅಗತ್ಯ ಖಂಡಿತ ಇದೆ. ಬೆಂಗಳೂರಿನ ಮಳೆಗಾಲದಲ್ಲಿ ಮೋಡ ಕವಿದ ಹಗಲು 27–28 ಡಿಗ್ರಿ ಸೆಲ್ಸಿಯಸ್ ದಾಟುವುದೇ ಕಷ್ಟ. ಇಗುವಾನಾಕ್ಕೆ ಮೈಯೊಡ್ಡುವ ಜಾಗದಲ್ಲಿ 35ಕ್ಕಿಂತ ಹೆಚ್ಚು ಬೇಕು. ಅದು ಎಲೆ ತಿನ್ನುವ ಪ್ರಾಣಿ. ಎಲೆಯ ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ಕೊಡಬೇಕು, ಮೈ ಬೆಚ್ಚಗಿಲ್ಲದಿದ್ದರೆ ಆ ಕೆಲಸ ನಿಂತುಬಿಡುತ್ತದೆ. ಬಿಸಿಲು ಬಂದ ದಿನ ಗಾಜಿಲ್ಲದ ಜಾಗದಲ್ಲಿ, ಪಂಜರದೊಳಗೆ, ನೆರಳೂ ಸಿಗುವ ಹಾಗೆ ಇಡಿ. ದಾಸವಾಳದ ಎಲೆ ಮತ್ತು ಹೂವು, ನುಗ್ಗೆಸೊಪ್ಪು, ಹಿಪ್ಪುನೇರಳೆ ಎಲೆ ನಮ್ಮಲ್ಲೇ ಸಿಗುತ್ತವೆ. ಪಾಲಕ್ ದಿನವೂ ಬೇಡ, ಅದರ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕುತ್ತದೆ.

ನೋಂದಣಿ ಮಾಡಿಸಿದ್ದು ಒಳ್ಳೆಯದಾಯಿತು. ಓದುವ ಉಳಿದವರಿಗಾಗಿ ಹೇಳುತ್ತೇನೆ: ಇಗುವಾನಾ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಅಂಗೈಯಗಲದ ಮರಿಯನ್ನು ಕೊಂಡವರು ಅದು ಬಾಲ ಸೇರಿ ಐದಾರು ಅಡಿ ಬೆಳೆದಾಗ ಕೆರೆಯ ಬಳಿ ಬಿಟ್ಟು ಬರುವುದುಂಟು. ಅದು ಪ್ರಾಣಿಗೂ ಅನ್ಯಾಯ, ಕೆರೆಗೂ ಅನ್ಯಾಯ.

ಚಿತ್ರದುರ್ಗ_ಕೋಟೆ:
ಡಾಕ್ಟರೇ, ನಮ್ಮ ಹೊಲದ ಬೇಲಿಯಲ್ಲಿ ಸಿಕ್ಕ ಗೋಸುಂಬೆಯನ್ನು ತಮ್ಮ ಮನೆಗೆ ತಂದು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ಏನು ಕೊಟ್ಟರೂ ತಿನ್ನುತ್ತಿಲ್ಲ. ಮೈ ಕಪ್ಪಗಾಗಿದೆ. ಮಿಡತೆ ಹಾಕಿದ್ದೇವೆ, ಬಟ್ಟಲಿನಲ್ಲಿ ನೀರೂ ಇಟ್ಟಿದ್ದೇವೆ.

ಪಶುವೈದ್ಯ_ಮೈಸೂರು:
ಇದಕ್ಕೆ ಒಂದೇ ಉತ್ತರ: ಈಗಲೇ, ಬಿಸಿಲಿರುವಾಗಲೇ, ಹಿಡಿದ ಬೇಲಿಯಲ್ಲೇ ಬಿಟ್ಟು ಬನ್ನಿ. ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಉಡಕ್ಕೂ ಇದೇ ಮಾತು. ಕಾನೂನು ಹಾಗಿರಲಿ, ಅದು ಪೆಟ್ಟಿಗೆಯಲ್ಲಿ ಬದುಕುವ ಪ್ರಾಣಿಯಲ್ಲ. ಬಟ್ಟಲಿನ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕಿ ಕುಡಿಯುತ್ತದೆ. ಮೈ ಕಪ್ಪಗಾಗಿರುವುದು ಭಯದಿಂದ ಅಥವಾ ಚಳಿಯಿಂದ. ಗಾಯವಾಗಿದ್ದರೆ ಮಾತ್ರ ಬಿಡಬೇಡಿ, ಅರಣ್ಯ ಇಲಾಖೆಯವರಿಗೆ ಒಪ್ಪಿಸಿ.

ಚಿತ್ರದುರ್ಗ_ಕೋಟೆ:
ಬಿಟ್ಟು ಬಂದೆವು. ಗಾಯವೇನೂ ಇರಲಿಲ್ಲ. ಜಾಲಿಗಿಡಕ್ಕೆ ಹತ್ತಿಸಿದ ಸ್ವಲ್ಪ ಹೊತ್ತಿಗೆ ಹಸಿರು ಬಣ್ಣ ಬರತೊಡಗಿತು. ತಮ್ಮನಿಗೆ ನೀವು ಬರೆದದ್ದನ್ನು ಓದಿ ಹೇಳಿದೆ, ತಾನೇ ಎತ್ತಿಕೊಂಡು ಬಂದು ಬಿಟ್ಟ.

ಡಲ್ಲಾಸ್_ದಾವಣಗೆರೆ:
ಮಲ್ಲಿಗೆ ಅಕ್ಕ, ದೀಪ ಬದಲಿಸುವವರೆಗೆ ಪೆಟ್ಟಿಗೆಯನ್ನು ಕಿಟಕಿಯಿಂದ ದೂರ ಸರಿಸಿ. ಟೆಕ್ಸಾಸಿನಲ್ಲಿ 2021ರ ಫೆಬ್ರುವರಿಯ ಹಿಮದಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲದೆ ಹಲ್ಲಿ ಸಾಕಿದವರೆಲ್ಲ ಪಟ್ಟ ಪಾಡು ನಾನು ಬಲ್ಲೆ. ಕೈ ಬೆಚ್ಚಗಿಡುವ ಪೊಟ್ಟಣಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡುತ್ತಿದ್ದೆವು. ಮೈಗೆ ನೇರವಾಗಿ ತಗಲಿಸಿದರೆ ಸುಡುತ್ತದೆ. ಆ ದಿನಗಳಲ್ಲಿ ಊಟ ಹಾಕಲೇ ಇಲ್ಲ. ಡಾಕ್ಟರು ಹೇಳಿದ ಜೀರ್ಣದ ಕಾರಣವನ್ನೇ ಆಗ ಇಲ್ಲಿನ ಪಶುವೈದ್ಯರೂ ಹೇಳಿದ್ದರು. ಬಿಸಿ ಕಲ್ಲು ಎಂದು ಮಾರುವ, ವಿದ್ಯುತ್ತಿನಿಂದ ಕಾಯುವ ವಸ್ತುವನ್ನು ಮಾತ್ರ ಕೊಳ್ಳಬೇಡಿ. ಇವುಗಳಿಗೆ ಹೊಟ್ಟೆಯ ಅಡಿಯ ಬಿಸಿ ಬೇಗ ತಿಳಿಯುವುದಿಲ್ಲ, ಸುಟ್ಟುಕೊಳ್ಳುತ್ತವೆ. ಶಾಖ ಮೇಲಿನಿಂದಲೇ ಬರಬೇಕು.

ಮಲ್ಲಿಗೆ_ನ್ಯೂಜೆರ್ಸಿ:
ಇವತ್ತು ವೈದ್ಯರ ಬಳಿ ಹೋಗಿ ಬಂದೆವು. ಡಾಕ್ಟರ ಅನುಮಾನವೇ ನಿಜ. ಎಕ್ಸ್‌ರೇಯಲ್ಲಿ ಮೊಟ್ಟೆಗಳು ಸಾಲಾಗಿ ಕಂಡವು. ಇಪ್ಪತ್ತರ ಆಸುಪಾಸು ಇರಬಹುದು ಎಂದರು, ಒಂದರ ಮೇಲೊಂದು ಇರುವುದರಿಂದ ಎಣಿಸಲಾಗಲಿಲ್ಲ. ಮೂಳೆಗಳು ಸ್ವಲ್ಪ ತೆಳುವಾಗಿ ಕಾಣುತ್ತವೆ ಎಂದು ಕುಡಿಸುವ ಕ್ಯಾಲ್ಸಿಯಂ ಕೊಟ್ಟಿದ್ದಾರೆ. ಮಲದಲ್ಲಿ ಪಿನ್‌ವರ್ಮ್ ಮೊಟ್ಟೆಗಳು ಕೆಲವೇ ಇವೆ, ಸದ್ಯ ಔಷಧ ಬೇಡ, ಮೊಟ್ಟೆ ಇಟ್ಟ ಮೇಲೆ ಮತ್ತೆ ನೋಡೋಣ ಎಂದರು. ಪರೀಕ್ಷೆ, ಎಕ್ಸ್‌ರೇ ಸೇರಿ ನೂರಾರು ಡಾಲರ್ ಆಯಿತು. ಮಕ್ಕಳಿಗೆ ಪ್ರಾಣಿ ಕೊಡಿಸಬೇಕೆಂದಿರುವವರು ಈ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಲಿ ಎಂದು ಬರೆಯುತ್ತಿದ್ದೇನೆ.

ಹೊಸ ಕೊಳವೆ ದೀಪ ಹಾಕಿದ್ದೇವೆ. ಶಾಖದ ದೀಪದ ವ್ಯಾಟ್ ಹೆಚ್ಚಿಸಿದ ಮೇಲೆ ಕಲ್ಲು 104 ತೋರಿಸುತ್ತಿದೆ. ಮೊಟ್ಟೆ ಇಡಲು ಪೆಟ್ಟಿಗೆ ಮಾಡಬೇಕಂತೆ. ಸಿಡ್ನಿಯವರು ಮಾಡಿದ್ದರೆ ಹೇಗೆಂದು ತಿಳಿಸಿ. ವೈದ್ಯರು ಹೇಳಿದರು, ಆದರೆ ಅವಸರದಲ್ಲಿ ಎಲ್ಲವೂ ತಲೆಗೆ ಹೋಗಲಿಲ್ಲ.

ಸಿಡ್ನಿ_ಸೋಮವಾರಪೇಟೆ:
ಖಂಡಿತ. ಪ್ಲಾಸ್ಟಿಕ್ಕಿನ ದೊಡ್ಡ ಡಬ್ಬ ತೆಗೆದುಕೊಳ್ಳಿ, ಅದು ಒಳಗೆ ಸರಾಗವಾಗಿ ತಿರುಗುವಷ್ಟು ಅಗಲವಿರಲಿ. ಮಕ್ಕಳು ಆಡುವ ತೊಳೆದ ಮರಳು ಮತ್ತು ಗೊಬ್ಬರ ಬೆರೆಸದ ಮಣ್ಣನ್ನು ಕಲಸಿ ಒಂದು ಅಡಿಯಷ್ಟು ಆಳ ತುಂಬಿ. ತೇವ ಎಷ್ಟಿರಬೇಕೆಂದರೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು. ಒಂದು ಬದಿಯಲ್ಲಿ ಕೈಯಿಂದ ಸಣ್ಣ ಬಿಲದ ಹಾಗೆ ಮಾಡಿಕೊಡಿ. ಬಿಲ ಕುಸಿದುಬಿದ್ದರೆ ಇವು ಬೇಸತ್ತು ಕೆರೆಯುವುದನ್ನೇ ಬಿಡುತ್ತವೆ, ಆದ್ದರಿಂದ ಮಣ್ಣನ್ನು ಅದುಮಿ ತುಂಬಿ. ಡಬ್ಬದೊಳಗೆ 80 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬೆಚ್ಚಗಿರಲಿ.

ಮುಖ್ಯವಾದದ್ದು ಏಕಾಂತ. ಡಬ್ಬದ ಸುತ್ತ ಬಟ್ಟೆ ಕಟ್ಟಿ. ಮಗನಿಗೆ ಇಣುಕಬಾರದೆಂದು ಒಪ್ಪಿಸಿ, ಇದು ಕಷ್ಟದ ಕೆಲಸ ಎಂದು ಗೊತ್ತು. ಯಾರಾದರೂ ನೋಡುತ್ತಿದ್ದಾರೆ ಎನಿಸಿದರೆ ಅದು ಮೊಟ್ಟೆ ತಡೆಹಿಡಿಯುತ್ತದೆ. ನನ್ನದು ಮಧ್ಯಾಹ್ನವಿಡೀ ಅಗೆದು, ಅಗೆದ ಗುಂಡಿಯಲ್ಲಿ ಹಿಂದುಹಿಂದಕ್ಕೆ ಇಳಿದು ಮೊಟ್ಟೆಯಿಟ್ಟು, ಮೂತಿಯಿಂದ ಮಣ್ಣು ತಳ್ಳಿ ಮುಚ್ಚಿತು. ಮುಚ್ಚಿ ಮುಗಿಸುವವರೆಗೆ ಎತ್ತಬೇಡಿ. ಆ ಕೆಲಸ ಪೂರ್ತಿಯಾಗದಿದ್ದರೆ ಆಮೇಲೂ ದಿನಗಟ್ಟಲೆ ಚಡಪಡಿಸುತ್ತದೆ.

ಪಶುವೈದ್ಯ_ಮೈಸೂರು:
ಸಿಡ್ನಿಯವರು ಬಹಳ ಚೆನ್ನಾಗಿ ಬರೆದಿದ್ದಾರೆ. ನಾನು ಅಪಾಯದ ಗುರುತುಗಳನ್ನಷ್ಟೇ ಸೇರಿಸುತ್ತೇನೆ. ಅಗೆಯುವುದನ್ನು ನಿಲ್ಲಿಸಿ, ಮೊಟ್ಟೆ ಇಡದೆ, ಮೈ ಚೆಲ್ಲಿ ಮಲಗಿದರೆ, ಗಡ್ಡ, ಅಂದರೆ ಗಂಟಲ ಕೆಳಗಿನ ಮುಳ್ಳುಮುಳ್ಳಾದ ಚರ್ಮ, ಕಪ್ಪಾಗಿಯೇ ಉಳಿದರೆ, ತಿಣುಕುತ್ತಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ, ಬೆರಳು ನಡುಗುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಒಂದೆರಡು ಮೊಟ್ಟೆಯಿಟ್ಟು ಮರುದಿನವೂ ಉಳಿದವು ಬರದಿದ್ದರೂ ಅಷ್ಟೇ. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಊಟದ ತಟ್ಟೆಯನ್ನು ದಿನವೂ ಬೆಳಿಗ್ಗೆ ಇಡಿ, ಸಂಜೆ ತೆಗೆಯಿರಿ, ಒತ್ತಾಯ ಬೇಡ. ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ರಾತ್ರಿ ಒಳಗೆ ಬಿಡಬೇಡಿ, ಮಲಗಿರುವ ಪ್ರಾಣಿಯನ್ನು ಅವು ಕಚ್ಚುತ್ತವೆ. ಮೂಗಿನ ತುದಿಗೆ ಒಂದೊಂದೇ ಹನಿ ನೀರು ಬಿಟ್ಟರೆ ತಾನೇ ನೆಕ್ಕುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ?

ಮಲ್ಲಿಗೆ_ನ್ಯೂಜೆರ್ಸಿ:
ಮೂರು ವರ್ಷದ ಮಗಳಿದ್ದಾಳೆ. ಅಣ್ಣನ ಹಿಂದೆಯೇ ಇರುತ್ತಾಳೆ.

ಪಶುವೈದ್ಯ_ಮೈಸೂರು:
ಹಾಗಾದರೆ ಅವಳು ಮುಟ್ಟದಿರಲಿ. ನೋಡಲು ಆರೋಗ್ಯವಾಗಿರುವ ಸರೀಸೃಪದ ಮಲದಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳು ಸರೀಸೃಪಗಳನ್ನು ಮುಟ್ಟಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ, ಮತ್ತೆ ಮತ್ತೆ ಹೇಳಿದೆ. ಮಗ ಮುಟ್ಟಿದಾಗಲೆಲ್ಲ ಸೋಪು ಹಚ್ಚಿ ಕೈ ತೊಳೆಯಲಿ. ಪ್ರಾಣಿಗೆ ಸ್ನಾನ ಮಾಡಿಸುವ ಬೋಗುಣಿ ಬೇರೆಯೇ ಇರಲಿ, ಅಡುಗೆಮನೆಯ ಸಿಂಕಿನಲ್ಲಿ ಬೇಡ.

ಮಲ್ಲಿಗೆ_ನ್ಯೂಜೆರ್ಸಿ:
ಸಿಹಿ ಸುದ್ದಿ. ನಿನ್ನೆ ಬೆಳಿಗ್ಗೆಯಿಂದ ಡಬ್ಬದಲ್ಲಿ ಅಗೆಯುತ್ತಲೇ ಇತ್ತು. ಮಗ ಮಾತು ಉಳಿಸಿಕೊಂಡ, ಬಟ್ಟೆ ಸರಿಸಲಿಲ್ಲ. ಸಂಜೆ ನೋಡಿದರೆ ಮಣ್ಣು ಮುಚ್ಚಿ ಅದರ ಮೇಲೆಯೇ ಮಲಗಿತ್ತು. ಹೊಟ್ಟೆ ಒಳಕ್ಕೆ ಹೋಗಿ ಪಕ್ಕೆ ಎದ್ದು ಕಾಣುತ್ತಿತ್ತು. ಮಣ್ಣು ಕೆದಕಿ ತೆಗೆದಾಗ ಹತ್ತೊಂಬತ್ತು ಮೊಟ್ಟೆ. ತೂಕ 352ಕ್ಕೆ ಇಳಿದಿದೆ. ವೈದ್ಯರಿಗೆ ಫೋನ್ ಮಾಡಿದೆವು, ಸೋಮವಾರ ಮತ್ತೆ ಎಕ್ಸ್‌ರೇಗೆ ಕರೆದಿದ್ದಾರೆ.

ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿದಾಗ ಬಹಳ ಹೊತ್ತು ನೀರು ಕುಡಿಯಿತು. ಇವತ್ತು ಬೆಳಿಗ್ಗೆ ಕಲ್ಲಿನ ಮೇಲೆ ಮೈ ಕಾಯಿಸಿಕೊಂಡು, ಮಗ ಇಟ್ಟ ಸೂಪರ್‌ವರ್ಮ್ ಹುಳುಗಳನ್ನು ಒಂದನ್ನೂ ಬಿಡದೆ ತಿಂದಿತು. ಅವನ ಕೂಗಿಗೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಮೊಟ್ಟೆಗಳನ್ನು ಏನು ಮಾಡಬೇಕು? ಇನ್ನು ಮುಂದೆ ಹೀಗೆ ಆಗದಂತೆ ತಡೆಯಬಹುದೇ?

ತಿಪಟೂರು_ತೆಂಗು:
ಬಾಣಂತಿಗೆ ಚೆನ್ನಾಗಿ ಉಣ್ಣಿಸಿ ತಾಯಿ. ಬಹಳ ಸಂತೋಷವಾಯಿತು.

ಪಶುವೈದ್ಯ_ಮೈಸೂರು:
ನನಗೂ ಬಹಳ ಸಂತೋಷ. ಅಜ್ಜಿ ಹೇಳಿದಂತೆ ಈಗ ಉಣ್ಣಿಸುವ ಕಾಲ, ಆದರೆ ಒಂದೇ ದಿನಕ್ಕೆ ತುಂಬಿಸಬೇಡಿ. ಕೆಲವು ವಾರ ಹುಳುಗಳನ್ನು ಮಾಮೂಲಿಗಿಂತ ಹೆಚ್ಚು ಕೊಟ್ಟು, ತೂಕ 400ರ ಹತ್ತಿರ ಬಂದ ಮೇಲೆ ಸೊಪ್ಪಿನ ಪಾಲು ಹೆಚ್ಚಿಸಿ. ಸೂಪರ್‌ವರ್ಮ್‌ನಲ್ಲಿ ಕೊಬ್ಬು ಜಾಸ್ತಿ, ಸುಣ್ಣ ಕಡಿಮೆ. ಅದು ಆಸೆಗೆ ಮಾತ್ರ. ದಿನದ ಊಟಕ್ಕೆ ಡುಬಿಯಾ ಜಿರಳೆ ಅಥವಾ ಕ್ರಿಕೆಟ್ ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಮೊಟ್ಟೆಗಳು ಗಂಡಿಲ್ಲದೆ ಆದವು, ಮರಿಯಾಗುವುದಿಲ್ಲ, ಎಸೆಯಬಹುದು.

ಪೂರ್ತಿ ತಡೆಯಲು ಅಂಡಾಶಯ ತೆಗೆಯುವ ಶಸ್ತ್ರಚಿಕಿತ್ಸೆಯೊಂದೇ ದಾರಿ. ಒಮ್ಮೆ ತೊಂದರೆಯಿಲ್ಲದೆ ಇಟ್ಟ ಪ್ರಾಣಿಗೆ ಈಗಲೇ ಅದನ್ನು ಮಾಡಿಸಬೇಕಿಲ್ಲ. ಇದೇ ಋತುವಿನಲ್ಲಿ ನಾಲ್ಕಾರು ವಾರ ಬಿಟ್ಟು ಇನ್ನೊಂದು ಸರದಿ ಬರುವ ಸಾಧ್ಯತೆ ಇದೆ, ಮಣ್ಣಿನ ಡಬ್ಬವನ್ನು ತೆಗೆದಿಡಬೇಡಿ. ಮಗ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಕ ಬರೆಯುತ್ತಿರಲಿ. ಮತ್ತೆ ಊಟ ಬಿಟ್ಟರೆ ಕಲ್ಲಿನ ಬಿಸಿ ಮತ್ತು ತೂಕ, ಎರಡನ್ನೂ ನೋಡಿಕೊಂಡೇ ವೈದ್ಯರಿಗೆ ಫೋನ್ ಮಾಡಿ, ಅವರು ಮೊದಲು ಕೇಳುವುದು ಅದನ್ನೇ. ಹೊಸ ಕೊಳವೆ ದೀಪದ ತುದಿಯಲ್ಲಿ ಇವತ್ತಿನ ತಾರೀಖನ್ನು ಮಾರ್ಕರ್‌ನಿಂದ ಬರೆದಿಡಿ. ಸೋಮವಾರದ ಎಕ್ಸ್‌ರೇಯಲ್ಲಿ ಯಾವ ಮೊಟ್ಟೆಯೂ ಉಳಿದಿಲ್ಲ ಎಂದಾದರೆ ಇಲ್ಲಿ ತಿಳಿಸಿ.

ಮಲ್ಲಿಗೆ_ನ್ಯೂಜೆರ್ಸಿ:
ಎಕ್ಸ್‌ರೇ ಆಯಿತು ಡಾಕ್ಟರೇ. ಒಂದೂ ಉಳಿದಿಲ್ಲ. ಕ್ಯಾಲ್ಸಿಯಂ ಇನ್ನೂ ಕೆಲವು ವಾರ ಮುಂದುವರಿಸಲು ಹೇಳಿದ್ದಾರೆ. ಪಿನ್‌ವರ್ಮ್‌ಗೆ ಮುಂದಿನ ತಿಂಗಳು ಮಲ ಪರೀಕ್ಷೆ.